ಮುಖ್ಯಾಂಶಗಳು: ವ್ಯಾಪಾರ ವೆಬ್‌ಸೈಟಿಗೆ ಎಸ್‌ಇಒ ಮತ್ತು ಆನ್‌ಲೈನ್ ಮಾರ್ಕೆಟಿಂಗ್ – ಯಾದಗಿರಿ, ಶಹಾಪುರ, ಸುರಪುರದ ಉದಾಹರಣೆಗಳೊಂದಿಗೆ

ಪದವಿ ತರಗತಿಯ ವಾಣಿಜ್ಯ ಪರೀಕ್ಷೆಗೂ ಕಂಪ್ಯೂಟರ್ ಜ್ಞಾನ ಕೇಳುವ ಸ್ಪರ್ಧಾತ್ಮಕ ಪರೀಕ್ಷೆಗಳಿಗೂ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಪಠ್ಯಪುಸ್ತಕಗಳಲ್ಲಿ ಈ ವಿಷಯದ ಉದಾಹರಣೆಗಳೆಲ್ಲ ಮಹಾನಗರದ ದೊಡ್ಡ ಕಂಪನಿಗಳವು. ಇಲ್ಲಿ ಯಾದಗಿರಿ ಜಿಲ್ಲೆಯ ಅಕ್ಕಿ ಗಿರಣಿ, ಬೀಜದ ಅಂಗಡಿ, ಲಾಡ್ಜ್, ಚಿತ್ರ ಕಲಾವಿದರನ್ನು ಮುಂದಿಟ್ಟುಕೊಂಡು ಅದೇ ಪಾಠ ಹೇಳಲಾಗಿದೆ.

1. ಮೊದಲು ತಿಳಿಯಬೇಕಾದದ್ದು

• ಸರ್ಚ್ ಎಂಜಿನ್ ಆಪ್ಟಿಮೈಸೇಶನ್ (ಎಸ್‌ಇಒ): ಜನ ಹುಡುಕಿದಾಗ ನಮ್ಮ ಪುಟ ಸಹಜ ಫಲಿತಾಂಶಗಳಲ್ಲಿ ಕಾಣುವಂತೆ ಪುಟದ ಬರಹ, ರಚನೆ, ವೇಗ ಮತ್ತು ಹೆಸರುವಾಸಿಯನ್ನು ಸರಿಪಡಿಸುವ ಕೆಲಸ.
• ಸಹಜ ಫಲಿತಾಂಶ: ಹಣ ಕೊಡದೆ, ಅರ್ಹತೆಯಿಂದ ಬರುವ ಸ್ಥಾನ. ಪಾವತಿ ಫಲಿತಾಂಶ: ಜಾಹೀರಾತು. ಇದರ ಮೇಲೆ ‘ಪ್ರಾಯೋಜಿತ’ ಎಂಬ ಗುರುತು ಇರುತ್ತದೆ.
• ಆನ್‌ಲೈನ್ ಮಾರ್ಕೆಟಿಂಗ್: ಎಸ್‌ಇಒ, ಸರ್ಚ್ ಜಾಹೀರಾತು, ಸಾಮಾಜಿಕ ಜಾಲತಾಣ, ವಿಡಿಯೊ, ಇ-ಮೇಲ್, ಎಸ್‌ಎಂಎಸ್, ವಾಟ್ಸಾಪ್ ಎಲ್ಲವೂ ಸೇರಿದ ದೊಡ್ಡ ಹೆಸರು. ಎಸ್‌ಇಒ ಅದರ ಒಂದು ಭಾಗ.
• ನೆನಪಿಡಬೇಕಾದ ಮೂಲ ತತ್ವ: ಸಹಜ ಫಲಿತಾಂಶದ ಸ್ಥಾನ ಮಾರಾಟಕ್ಕಿಲ್ಲ. ಗೂಗಲ್‌ಗೆ ಜಾಹೀರಾತಿನ ಹಣ ಕೊಟ್ಟರೂ ಸಹಜ ಸ್ಥಾನ ಮೇಲೇರುವುದಿಲ್ಲ. ಮೊದಲ ಸ್ಥಾನದ ಖಾತ್ರಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ ತಾನೇ ಹೇಳಿದೆ.

2. ಮಾರುಕಟ್ಟೆಯ ಪರಿಚಯ

• ಯಾದಗಿರಿ ಕರ್ನಾಟಕದ 30ನೇ ಜಿಲ್ಲೆ. ಕಲಬುರಗಿಯಿಂದ ಬೇರ್ಪಟ್ಟು 2009ರ ಡಿಸೆಂಬರ್ 30ರಂದು ರಚನೆಯಾಯಿತು. ಆಗ ಇದ್ದ ತಾಲ್ಲೂಕುಗಳು ಯಾದಗಿರಿ, ಶಹಾಪುರ, ಸುರಪುರ. ನಂತರ ಸೇರಿದವು ಗುರುಮಠಕಲ್, ವಡಗೇರಾ, ಹುಣಸಗಿ.
• 2011ರ ಜನಗಣತಿ: ಜನಸಂಖ್ಯೆ 11.74 ಲಕ್ಷ. ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಅತಿ ಕಡಿಮೆ. ರಾಜ್ಯದ ಸರಾಸರಿ ಶೇ 75.36. ಹತ್ತರಲ್ಲಿ ಎಂಟು ಮಂದಿ ಹಳ್ಳಿಗಳಲ್ಲಿದ್ದಾರೆ.
• ಕೃಷ್ಣಾ, ಭೀಮಾ ನದಿಗಳ ಸೀಮೆ. ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆಯಿಂದ ಶಹಾಪುರ, ಸುರಪುರ ಕಡೆ ಭತ್ತ ಬೆಳೆಯುತ್ತದೆ. ಹತ್ತಿ, ತೊಗರಿ, ಶೇಂಗಾ ಉಳಿದ ಮುಖ್ಯ ಬೆಳೆಗಳು.
• ಈ ಅಂಕಿಗಳಿಗೂ ಎಸ್‌ಇಒಗೂ ನೇರ ಸಂಬಂಧವಿದೆ. ಓದಲು ಕಷ್ಟಪಡುವ ಗ್ರಾಹಕ ಬೆರಳಲ್ಲಿ ಬರೆಯುವ ಬದಲು ಬಾಯಲ್ಲಿ ಕೇಳುತ್ತಾನೆ, ವಿಡಿಯೊ ನೋಡುತ್ತಾನೆ, ಫೋನ್ ಮಾಡುತ್ತಾನೆ. ಆದ್ದರಿಂದ ಇಲ್ಲಿನ ವ್ಯಾಪಾರ ಪುಟದಲ್ಲಿ ಉದ್ದದ ಅರ್ಜಿ ನಮೂನೆಗಿಂತ ‘ಕರೆ ಮಾಡಿ’ ಗುಂಡಿ, ವಾಟ್ಸಾಪ್ ಗುಂಡಿ, ದಾರಿಯ ನಕ್ಷೆ ಹೆಚ್ಚು ಕೆಲಸಕ್ಕೆ ಬರುತ್ತವೆ.

3. ಶೋಧಯಂತ್ರ ಕೆಲಸ ಮಾಡುವ ಮೂರು ಹಂತ

• ಕ್ರಾಲಿಂಗ್: ‘ಬಾಟ್’ ಎಂಬ ತಂತ್ರಾಂಶ ಕೊಂಡಿಯಿಂದ ಕೊಂಡಿಗೆ ಹೋಗಿ ಪುಟಗಳನ್ನು ಓದುತ್ತದೆ. ಗೂಗಲ್‌ನ ಬಾಟ್ ಹೆಸರು ಗೂಗಲ್‌ಬಾಟ್.
• ಇಂಡೆಕ್ಸಿಂಗ್: ಓದಿದ್ದನ್ನು ವಿಂಗಡಿಸಿ ಸೂಚಿಯಲ್ಲಿ ಇಡುತ್ತದೆ. ಇಂಡೆಕ್ಸ್ ಆಗದ ಪುಟ ಎಷ್ಟೇ ಚೆನ್ನಾಗಿದ್ದರೂ ಹುಡುಕಾಟದಲ್ಲಿ ಕಾಣುವುದಿಲ್ಲ.
• ರ‍್ಯಾಂಕಿಂಗ್: ಪ್ರಶ್ನೆಯ ಅರ್ಥ, ಪುಟದ ಹೊಂದಾಣಿಕೆ, ಗುಣಮಟ್ಟ, ಬಳಸಲು ಸುಲಭವೇ ಎಂಬುದು, ಹುಡುಕುವವನ ಸ್ಥಳ ಮತ್ತು ಭಾಷೆ ನೋಡಿ ಕ್ರಮ ನಿರ್ಧರಿಸುತ್ತದೆ.
• ಪೇಜ್‌ರ‍್ಯಾಂಕ್: ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ರೂಪಿಸಿದ ವಿಧಾನ. ಒಂದು ಪುಟಕ್ಕೆ ಬೇರೆ ಪುಟಗಳಿಂದ ಬರುವ ಕೊಂಡಿಗಳ ಸಂಖ್ಯೆ ಮತ್ತು ತೂಕದಿಂದ ಅದರ ಮಹತ್ವ ಅಳೆಯುತ್ತದೆ.
• ಗೂಗಲ್ ಇಂಡೆಕ್ಸ್‌ನಲ್ಲಿ ನಮ್ಮ ಪುಟ ಇದೆಯೇ ಎಂದು ಉಚಿತವಾಗಿ ತೋರಿಸುವ ಸಾಧನ ಗೂಗಲ್ ಸರ್ಚ್ ಕನ್ಸೋಲ್. ಇದರ ಹಳೆಯ ಹೆಸರು ವೆಬ್‌ಮಾಸ್ಟರ್ ಟೂಲ್ಸ್. 2015ರಲ್ಲಿ ಹೆಸರು ಬದಲಾಯಿತು.

4. ಕೀವರ್ಡ್ ಮತ್ತು ಊರ ಹೆಸರಿನ ತೊಡಕು

• ಕೀವರ್ಡ್ ಎಂದರೆ ಗ್ರಾಹಕ ಹುಡುಕಲು ಬಳಸುವ ಪದ ಅಥವಾ ಪದಗುಚ್ಛ. ‘ಅಕ್ಕಿ’ ಎಂಬುದು ವಿಶಾಲ ಕೀವರ್ಡ್. ‘ಶಹಾಪುರದಲ್ಲಿ ಸೋನಾ ಮಸೂರಿ ಅಕ್ಕಿ ಸಗಟು ದರ’ ಎಂಬುದು ಲಾಂಗ್‌ಟೇಲ್ ಕೀವರ್ಡ್. ಇಂಥ ಪದಗುಚ್ಛವನ್ನು ಹುಡುಕುವವರು ಕಡಿಮೆ, ಆದರೆ ಕೊಳ್ಳುವ ಮನಸ್ಸಿನಿಂದ ಬಂದವರೇ ಹೆಚ್ಚು. ಸಣ್ಣ ಊರಿನ ವ್ಯಾಪಾರಿ ಗೆಲ್ಲುವುದು ಇಂಥವುಗಳಲ್ಲೇ.
• ಹುಡುಕಾಟದ ಉದ್ದೇಶ ನಾಲ್ಕು ಬಗೆ: ಮಾಹಿತಿ ಬೇಕು (ಹತ್ತಿಗೆ ಗುಲಾಬಿ ಕಾಯಿಕೊರಕ ಬಂದರೆ ಏನು ಮಾಡಬೇಕು), ನಿರ್ದಿಷ್ಟ ತಾಣಕ್ಕೆ ಹೋಗಬೇಕು (ಯಾದಗಿರಿ ಜಿಲ್ಲಾಡಳಿತದ ವೆಬ್‌ಸೈಟ್), ಹೋಲಿಸಿ ನೋಡಬೇಕು (ಯಾವ ಪಂಪ್‌ಸೆಟ್ ಒಳ್ಳೆಯದು), ಈಗಲೇ ಕೊಳ್ಳಬೇಕು (ಹತ್ತಿರದ ಗೊಬ್ಬರದ ಅಂಗಡಿ).
• ಈ ಮೂರು ಊರುಗಳ ಹೆಸರನ್ನೂ ಜನ ಒಂದೇ ರೀತಿ ಬರೆಯುವುದಿಲ್ಲ. ಯಾದಗಿರಿ, ಯಾದಗಿರ; ಶಹಾಪುರ, ಶಹಾಪೂರ; ಸುರಪುರ, ಶೋರಾಪುರ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ರೂಪಗಳು ಇನ್ನೂ ಹೆಚ್ಚು. ಪುಟದ ಶೀರ್ಷಿಕೆಯಲ್ಲಿ ಒಂದು ರೂಪವನ್ನು ಖಾಯಂ ಮಾಡಿ, ವಿವರಣೆಯಲ್ಲಿ ಇನ್ನೊಂದು ಬಳಕೆಯ ರೂಪವನ್ನು ಒಮ್ಮೆ ಸಹಜವಾಗಿ ತರಬೇಕು.
• ಶಹಾಪುರ ಎಂಬ ಹೆಸರಿನ ಊರುಗಳು ಇನ್ನೂ ಇವೆ. ಬೆಳಗಾವಿ ನಗರದಲ್ಲಿ ಶಹಾಪುರ ಎಂಬ ಭಾಗವಿದೆ, ಮಹಾರಾಷ್ಟ್ರದ ಠಾಣೆ ಜಿಲ್ಲೆಯಲ್ಲಿ ಶಹಾಪುರ ತಾಲ್ಲೂಕಿದೆ. ಆದ್ದರಿಂದ ಬರೀ ‘ಶಹಾಪುರ’ ಎಂದು ಬರೆದರೆ ಸಾಲದು. ‘ಶಹಾಪುರ, ಯಾದಗಿರಿ ಜಿಲ್ಲೆ, 585223’ ಎಂದು ಪಿನ್‌ಕೋಡ್ ಸಹಿತ ಬರೆಯಬೇಕು. ಸುರಪುರದ ಪಿನ್‌ಕೋಡ್ 585224, ಯಾದಗಿರಿಯದು 585201.
• 2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಇಂಗ್ಲಿಷ್ ಹೆಸರು ಬದಲಾದವು. ಗುಲ್ಬರ್ಗ ಕಲಬುರಗಿಯಾಯಿತು. ಹಳೆಯ ಹೆಸರಿನಿಂದ ಹುಡುಕುವವರು ಇನ್ನೂ ಇದ್ದಾರೆ. ಕಲಬುರಗಿಗೆ ಸರಕು ಕಳಿಸುವ ವ್ಯಾಪಾರಿಯ ಪುಟದಲ್ಲಿ ಎರಡೂ ಇರಲಿ.
• ಕೀವರ್ಡ್ ಸ್ಟಫಿಂಗ್: ಒಂದೇ ಪದವನ್ನು ಬೇಕಿಲ್ಲದ ಕಡೆಯೆಲ್ಲ ತುರುಕುವುದು. ಇದು ನಿಯಮಭಂಗ. ಊರುಗಳ ಪಟ್ಟಿಯನ್ನು ಪುಟದ ಕೊನೆಗೆ ಹೇರುವುದೂ ಇದೇ ತಪ್ಪು.

5. ಕನ್ನಡ ಪುಟದ ತಾಂತ್ರಿಕ ನೆಲೆ

• ಶೋಧಯಂತ್ರ ಓದುವುದು ಯುನಿಕೋಡ್ ಕನ್ನಡವನ್ನು. ಯುನಿಕೋಡ್‌ನಲ್ಲಿ ಕನ್ನಡದ ವಿಭಾಗ 0ಸಿ80ರಿಂದ 0ಸಿಎಫ್‌ಎಫ್ ವರೆಗೆ, ಒಟ್ಟು 128 ಸ್ಥಾನಗಳು.
• ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಯುನಿಕೋಡ್ ಅಲ್ಲದ ಎನ್‌ಕೋಡಿಂಗ್‌ನಿಂದ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ಸಾಲು. ಡಿಟಿಪಿ ಅಂಗಡಿಯಿಂದ ತಂದ ಕರಪತ್ರದ ಬರಹವನ್ನು ಹಾಗೆಯೇ ಪುಟಕ್ಕೆ ಅಂಟಿಸಿದರೆ ಆಗುವುದು ಇದೇ. ಯುನಿಕೋಡ್‌ಗೆ ಪರಿವರ್ತಿಸಿದ ಮೇಲೆಯೇ ಏರಿಸಬೇಕು.
• ಫ್ಲೆಕ್ಸ್ ವಿನ್ಯಾಸದ ಚಿತ್ರವನ್ನು ಪುಟಕ್ಕೆ ಹಾಕಿ ಮುಗಿಸುವುದು ಇನ್ನೊಂದು ಸಾಮಾನ್ಯ ತಪ್ಪು. ಚಿತ್ರದೊಳಗಿನ ದರಪಟ್ಟಿ, ವಿಳಾಸಗಳನ್ನು ಪ್ರತ್ಯೇಕವಾಗಿ ಅಕ್ಷರದಲ್ಲೂ ಬರೆಯಬೇಕು.
• ಹತ್ತಿರದಿಂದ ನೋಡಿ: ‘ಯಾದಗಿರಿ’ ಎಂಬ ಪದದಲ್ಲಿ 4 ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಯ, ಆ-ಕಾರದ ಚಿಹ್ನೆ, ದ, ಗ, ಇ-ಕಾರದ ಚಿಹ್ನೆ, ರ, ಇ-ಕಾರದ ಚಿಹ್ನೆ ಸೇರಿ 7 ಸಂಕೇತ. ಯುಟಿಎಫ್-8 ವಿಧಾನದಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್, ಒಟ್ಟು 21 ಬೈಟ್. ವೆಬ್ ವಿಳಾಸದಲ್ಲಿ ಶೇಕಡಾ ಚಿಹ್ನೆಯ ಸಂಕೇತಕ್ಕೆ ಬದಲಾದಾಗ ಪ್ರತಿ ಬೈಟ್ 3 ಚಿಹ್ನೆ ತೆಗೆದುಕೊಂಡು 63 ಚಿಹ್ನೆಗಳಾಗುತ್ತವೆ. ಕನ್ನಡದ ವೆಬ್ ವಿಳಾಸ ನಕಲು ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದಾಗ ಗುರುತು ಸಿಗದಷ್ಟು ಉದ್ದ ಕಾಣುವುದಕ್ಕೆ ಕಾರಣ ಇದು. ಗೂಗಲ್ ಕನ್ನಡ ವಿಳಾಸವನ್ನೂ ಓದಬಲ್ಲದು. ಹಂಚಿಕೊಳ್ಳುವ ಅನುಕೂಲಕ್ಕೆ ಚಿಕ್ಕ ವಿಳಾಸ ಒಳ್ಳೆಯದು.
• ಕನ್ನಡದ ಐಎಸ್‌ಒ ಭಾಷಾ ಸಂಕೇತ ‘ಕೆಎನ್’. ಪುಟದ ಭಾಷಾ ಗುರುತಿನಲ್ಲಿ ಇದನ್ನು ನಮೂದಿಸಬೇಕು. ತೆಲಂಗಾಣದ ಗಡಿಗೆ ಹತ್ತಿರದ ಗುರುಮಠಕಲ್ ಕಡೆಯ ವ್ಯಾಪಾರಿ ತೆಲುಗು ಪುಟವನ್ನೂ ಇಟ್ಟರೆ, ಎರಡನ್ನೂ ‘ಎಚ್‌ರೆಫ್‌ಲ್ಯಾಂಗ್’ ಗುರುತಿನಿಂದ ಜೋಡಿಸಬೇಕು.
• ‘.ಭಾರತ’ ಎಂಬ ಡೊಮೇನ್ ಕನ್ನಡ ಲಿಪಿಯಲ್ಲೂ ಇದೆ. ಇಂಥ ಹೆಸರನ್ನು ಒಳಗೆ ಲ್ಯಾಟಿನ್ ಚಿಹ್ನೆಗಳಿಗೆ ಬದಲಿಸುವ ವಿಧಾನದ ಹೆಸರು ಪ್ಯೂನಿಕೋಡ್. ಭಾರತದ ಡೊಮೇನ್‌ಗಳ ಹೊಣೆ ಹೊತ್ತ ಸಂಸ್ಥೆ ನಿಕ್ಸಿ, ಸ್ಥಾಪನೆ 2003.

6. ಪುಟದೊಳಗಿನ ಎಸ್‌ಇಒ (ಆನ್‌ಪೇಜ್)

• ಟೈಟಲ್ ಟ್ಯಾಗ್: ಫಲಿತಾಂಶದಲ್ಲಿ ದೊಡ್ಡದಾಗಿ ಕಾಣುವ ಸಾಲಿಗೆ ಮುಖ್ಯ ಆಧಾರ. ‘ಮುಖಪುಟ’ ಎಂದಷ್ಟೇ ಬಿಟ್ಟರೆ ವ್ಯರ್ಥ. ‘ಸೋನಾ ಮಸೂರಿ ಅಕ್ಕಿ ಸಗಟು ಮಾರಾಟ – ಶಹಾಪುರ, ಯಾದಗಿರಿ ಜಿಲ್ಲೆ’ ಎಂದರೆ ಏನು, ಎಲ್ಲಿ ಎಂಬ ಎರಡೂ ಪ್ರಶ್ನೆಗೆ ಉತ್ತರ.
• ಮೆಟಾ ಡಿಸ್ಕ್ರಿಪ್ಷನ್: ಫಲಿತಾಂಶದ ಕೆಳಗೆ ಕಾಣಬಹುದಾದ ಚಿಕ್ಕ ವಿವರಣೆ. ಇದರಿಂದ ರ‍್ಯಾಂಕ್ ನೇರವಾಗಿ ಏರುವುದಿಲ್ಲ; ಆದರೆ ಓದಿದವರು ಕ್ಲಿಕ್ ಮಾಡುತ್ತಾರೆ.
• ಮೆಟಾ ಕೀವರ್ಡ್ಸ್ ಟ್ಯಾಗ್: ರ‍್ಯಾಂಕಿಂಗ್‌ಗೆ ಇದನ್ನು ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಪ್ರಕಟಿಸಿದೆ. ಪರೀಕ್ಷೆಯಲ್ಲಿ ಹೆಚ್ಚು ಮಂದಿ ತಪ್ಪುವ ಪ್ರಶ್ನೆ.
• ಹೆಡಿಂಗ್ ಟ್ಯಾಗ್: ಎಚ್1ರಿಂದ ಎಚ್6 ವರೆಗೆ 6 ಮಟ್ಟ.
• ಆಲ್ಟ್ ಟೆಕ್ಸ್ಟ್: ಚಿತ್ರದ ಬದಲಿ ವಿವರಣೆ. ಕಣ್ಣು ಕಾಣದವರ ಸ್ಕ್ರೀನ್ ರೀಡರ್‌ಗೂ ಶೋಧಯಂತ್ರಕ್ಕೂ ಬೇಕು. ಸುರಪುರದ ಕಲಾವಿದರು ತಮ್ಮ ಚಿತ್ರಕ್ಕೆ ‘ಫೋಟೊ 1’ ಎಂದು ಬಿಡದೆ ‘ಸುರಪುರ ಸಾಂಪ್ರದಾಯಿಕ ಶೈಲಿಯ ದೇವರ ಚಿತ್ರ’ ಎಂದು ಬರೆಯಬೇಕು.
• ಇಇಎಟಿ: ಅನುಭವ, ಪರಿಣತಿ, ಅಧಿಕೃತತೆ, ವಿಶ್ವಾಸಾರ್ಹತೆ. ಗೂಗಲ್‌ನ ಗುಣಮಟ್ಟ ಪರೀಕ್ಷಕರ ಮಾರ್ಗಸೂಚಿಯಲ್ಲಿರುವ ಅಳತೆಗೋಲು. ‘ಅನುಭವ’ ಸೇರಿದ್ದು 2022ರ ಡಿಸೆಂಬರ್‌ನಲ್ಲಿ. ನಾಲ್ಕರಲ್ಲಿ ವಿಶ್ವಾಸಾರ್ಹತೆಯೇ ಮುಖ್ಯ.
• ಸ್ಥಳೀಯ ಸಂದೇಹಕ್ಕೆ ನೇರ ಉತ್ತರ ಕೊಡುವ ಪುಟವೇ ಒಳ್ಳೆಯ ಪುಟ. ಯಾದಗಿರಿಯಲ್ಲಿ ರೈಲು ನಿಲ್ದಾಣವಿದೆ, ಶಹಾಪುರ ಮತ್ತು ಸುರಪುರ ಪಟ್ಟಣಗಳಲ್ಲಿ ಇಲ್ಲ. ಶಹಾಪುರದ ಲಾಡ್ಜ್‌ನ ಪುಟದಲ್ಲಿ ‘ಯಾದಗಿರಿ ನಿಲ್ದಾಣದಲ್ಲಿ ಇಳಿದು ಬಸ್ಸಿನಲ್ಲಿ ಬನ್ನಿ’ ಎಂಬ ಸಾಲು, ಬುದ್ಧ ಮಲಗಿದಂತೆ ಕಾಣುವ ಬೆಟ್ಟ ಎಲ್ಲಿಂದ ಚೆನ್ನಾಗಿ ಕಾಣುತ್ತದೆ ಎಂಬ ವಿವರ, ಸುರಪುರದ ಟೇಲರ್ ಮಂಜಿಲ್ ಮತ್ತು ಬೋನಾಳ ಪಕ್ಷಿಧಾಮಕ್ಕೆ ಹೋಗುವ ದಾರಿ ಇದ್ದರೆ ಪ್ರವಾಸಿಗೆ ಬೇಕಾದದ್ದೆಲ್ಲ ಸಿಕ್ಕಂತೆ.

7. ತಾಂತ್ರಿಕ ಎಸ್‌ಇಒ

• ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ: ಬಾಟ್‌ಗೆ ಎಲ್ಲಿ ಬರಬಹುದು, ಎಲ್ಲಿ ಬರಬಾರದು ಎಂದು ತಿಳಿಸುವ ಕಡತ. 1994ರಲ್ಲಿ ಮಾರ್ಟೈನ್ ಕೋಸ್ಟರ್ ಸೂಚಿಸಿದ ವಿಧಾನ. 2022ರಲ್ಲಿ ಆರ್‌ಎಫ್‌ಸಿ 9309 ಆಗಿ ದಾಖಲಾಯಿತು.
• ಪುಟವನ್ನು ಫಲಿತಾಂಶದಿಂದ ತೆಗೆಸಬೇಕಾದರೆ ಬಳಸಬೇಕಾದದ್ದು ‘ನೋಇಂಡೆಕ್ಸ್’ ಗುರುತು. ರೋಬೋಟ್ಸ್ ಕಡತ ಕ್ರಾಲಿಂಗ್ ತಡೆಯುತ್ತದೆ, ಇಂಡೆಕ್ಸಿಂಗನ್ನು ಖಚಿತವಾಗಿ ತಡೆಯುವುದಿಲ್ಲ.
• ಎಕ್ಸ್‌ಎಂಎಲ್ ಸೈಟ್‌ಮ್ಯಾಪ್: ತಾಣದ ಪುಟಗಳ ಪಟ್ಟಿ. 2005ರಲ್ಲಿ ಗೂಗಲ್ ತಂದದ್ದು. 2006ರಲ್ಲಿ ಯಾಹೂ, ಮೈಕ್ರೋಸಾಫ್ಟ್ ಒಪ್ಪಿಕೊಂಡವು.
• ಸ್ಕೀಮಾ ಡಾಟ್ ಆರ್ಗ್: ಅಂಗಡಿಯ ವೇಳೆ, ದರ, ವಿಳಾಸವನ್ನು ಯಂತ್ರಕ್ಕೆ ಅರ್ಥವಾಗುವಂತೆ ಗುರುತಿಸುವ ಪದಕೋಶ. 2011ರಲ್ಲಿ ಗೂಗಲ್, ಬಿಂಗ್, ಯಾಹೂ ಕೂಡಿ ಆರಂಭಿಸಿದವು.
• ಎಚ್‌ಟಿಟಿಪಿಎಸ್: ಸುರಕ್ಷಿತ ಸಂಪರ್ಕ. 2014ರಿಂದ ಗೂಗಲ್‌ನಲ್ಲಿ ಸಣ್ಣ ರ‍್ಯಾಂಕಿಂಗ್ ಸಂಕೇತ.
• ಮೊಬೈಲ್-ಫಸ್ಟ್ ಇಂಡೆಕ್ಸಿಂಗ್: ಪುಟದ ಮೊಬೈಲ್ ರೂಪವನ್ನೇ ಆಧಾರವಾಗಿ ತೆಗೆದುಕೊಳ್ಳುವುದು. ಘೋಷಣೆ 2016, ಪೂರ್ಣ ಜಾರಿ 2023.
• ಕೋರ್ ವೆಬ್ ವೈಟಲ್ಸ್‌ನ ಮೂರು ಅಳತೆ: ಎಲ್‌ಸಿಪಿ (ಮುಖ್ಯ ಭಾಗ ಮೂಡಲು 2.5 ಸೆಕೆಂಡ್ ಒಳಗೆ), ಐಎನ್‌ಪಿ (ಮುಟ್ಟಿದ್ದಕ್ಕೆ ಪ್ರತಿಕ್ರಿಯೆ 200 ಮಿಲಿಸೆಕೆಂಡ್ ಒಳಗೆ), ಸಿಎಲ್‌ಎಸ್ (ಪುಟ ಅಲುಗಾಟ 0.1 ಒಳಗೆ). 2024ರ ಮಾರ್ಚ್‌ನಲ್ಲಿ ಪ್ರತಿಕ್ರಿಯೆ ಅಳೆಯುತ್ತಿದ್ದ ಹಿಂದಿನ ಎಫ್‌ಐಡಿ ಹೋಗಿ ಅದರ ಜಾಗಕ್ಕೆ ಐಎನ್‌ಪಿ ಬಂದಿತು.
• ಸಿಗ್ನಲ್ ದುರ್ಬಲವಿರುವ ಹಳ್ಳಿಗೆ ಭಾರದ ಚಿತ್ರಗಳ ಪುಟ ತಲುಪುವುದೇ ಇಲ್ಲ. ಚಿತ್ರಗಳನ್ನು ಕುಗ್ಗಿಸಿ ಹಾಕುವುದು ಗ್ರಾಹಕನ ಡೇಟಾವನ್ನೂ ಉಳಿಸುತ್ತದೆ.

8. ಪುಟದ ಹೊರಗಿನ ಎಸ್‌ಇಒ (ಆಫ್‌ಪೇಜ್)

• ಬ್ಯಾಕ್‌ಲಿಂಕ್: ಬೇರೆ ತಾಣದಿಂದ ನಮ್ಮ ಪುಟಕ್ಕೆ ಬರುವ ಕೊಂಡಿ. ಸಂಖ್ಯೆಗಿಂತ ಮೂಲದ ಯೋಗ್ಯತೆ ಮುಖ್ಯ. ಸ್ಥಳೀಯ ಪತ್ರಿಕೆಯ ವರದಿ, ಕಾಲೇಜಿನ ಪುಟ, ವರ್ತಕರ ಸಂಘದ ಸದಸ್ಯರ ಪಟ್ಟಿಯಿಂದ ಸಹಜವಾಗಿ ಬಂದ ಒಂದು ಕೊಂಡಿಗೆ, ದುಡ್ಡು ಕೊಟ್ಟು ತಂದ ನೂರಾರು ಕೊಂಡಿಗಳಿಗಿಲ್ಲದ ಬೆಲೆ ಇದೆ.
• ಕೊಂಡಿಯ ಗುರುತುಗಳು: ಈ ಕೊಂಡಿಯನ್ನು ಶಿಫಾರಸಾಗಿ ಎಣಿಸಬೇಡಿ ಎನ್ನುವ ‘ನೋಫಾಲೋ’ (2005), ‘ಸ್ಪಾನ್ಸರ್ಡ್’ ಮತ್ತು ಬಳಕೆದಾರರು ಬರೆದದ್ದಕ್ಕೆ ‘ಯುಜಿಸಿ’ (2019). ಹಣ ಕೊಟ್ಟ ಕೊಂಡಿಗೆ ‘ಸ್ಪಾನ್ಸರ್ಡ್’ ಅಥವಾ ‘ನೋಫಾಲೋ’ ಗುರುತು ಕಡ್ಡಾಯ.
• ವೈಟ್ ಹ್ಯಾಟ್: ನಿಯಮದೊಳಗಿನ ವಿಧಾನ. ಬ್ಲ್ಯಾಕ್ ಹ್ಯಾಟ್: ಅಡ್ಡದಾರಿ. ಉದಾಹರಣೆಗೆ, ಕ್ಲೋಕಿಂಗ್ (ಬಾಟ್‌ಗೊಂದು, ಜನರಿಗೊಂದು ಪುಟ ತೋರಿಸುವುದು), ಅಡಗಿಸಿದ ಬರಹ, ಕೊಂಡಿಗಳ ಖರೀದಿ, ನಕಲು ಬರಹ.
• ಗೂಗಲ್ ಮಾರ್ಪಾಡುಗಳು: ಪಾಂಡಾ (2011) ಕಳಪೆ ಬರಹದ ವಿರುದ್ಧ, ಪೆಂಗ್ವಿನ್ (2012) ಕೃತಕ ಕೊಂಡಿಗಳ ವಿರುದ್ಧ, ಹಮ್ಮಿಂಗ್‌ಬರ್ಡ್ (2013), ರ‍್ಯಾಂಕ್‌ಬ್ರೇನ್ (2015), ಬರ್ಟ್ (2019) ಪ್ರಶ್ನೆಯ ಅರ್ಥ ಹಿಡಿಯಲು.

9. ಲೋಕಲ್ ಎಸ್‌ಇಒ: ಮೂರು ಪಟ್ಟಣಗಳಿಗೆ ಅತಿ ಮುಖ್ಯ ಅಧ್ಯಾಯ

• ಗೂಗಲ್ ಬಿಸಿನೆಸ್ ಪ್ರೊಫೈಲ್: ನಕ್ಷೆ ಮತ್ತು ಹುಡುಕಾಟದಲ್ಲಿ ಅಂಗಡಿಯನ್ನು ತೋರಿಸುವ ಉಚಿತ ಸೇವೆ. 2014ರಲ್ಲಿ ಗೂಗಲ್ ಮೈ ಬಿಸಿನೆಸ್ ಹೆಸರಿನಲ್ಲಿ ಆರಂಭ, 2021ರಲ್ಲಿ ಈಗಿನ ಹೆಸರು.
• ಸ್ಥಳೀಯ ರ‍್ಯಾಂಕಿಂಗ್‌ನ ಮೂರು ಅಂಶ: ಹೊಂದಾಣಿಕೆ, ದೂರ, ಹೆಸರುವಾಸಿ. ದೂರವನ್ನು ಬದಲಿಸಲಾಗದು, ಉಳಿದ ಎರಡು ನಮ್ಮ ಕೈಯಲ್ಲಿವೆ.
• ನ್ಯಾಪ್: ಹೆಸರು, ವಿಳಾಸ, ಫೋನ್. ಬೋರ್ಡ್, ವೆಬ್‌ಸೈಟ್, ಗೂಗಲ್, ಜಸ್ಟ್‌ಡಯಲ್, ಇಂಡಿಯಾಮಾರ್ಟ್, ಫೇಸ್‌ಬುಕ್ ಎಲ್ಲ ಕಡೆ ಒಂದೇ ಆಗಿರಬೇಕು. ಒಂದು ಕಡೆ ‘ಬಸ್ ಸ್ಟ್ಯಾಂಡ್ ಎದುರು, ಸುರಪುರ’, ಇನ್ನೊಂದು ಕಡೆ ‘ಮೇನ್ ರೋಡ್, ಶೋರಾಪುರ’ ಎಂದಿದ್ದರೆ ಯಂತ್ರ ಎರಡು ಅಂಗಡಿ ಎಂದು ಭಾವಿಸಬಹುದು.
• ಪ್ರೊಫೈಲ್‌ನ ಹೆಸರು ಬೋರ್ಡಿನ ಮೇಲಿರುವ ಹೆಸರೇ ಆಗಿರಬೇಕು. ಹೆಸರಿಗೆ ‘ಯಾದಗಿರಿಯ ನಂ. 1’ ಎಂದು ಸೇರಿಸುವುದು ನಿಯಮಭಂಗ, ಪ್ರೊಫೈಲ್ ಅಮಾನತಾಗಬಹುದು.
• ಹಳ್ಳಿಗಳಿಗೆ ಹೋಗಿ ಮೋಟಾರು ರಿಪೇರಿ ಮಾಡುವವರು ಮನೆಯ ವಿಳಾಸ ಮರೆಮಾಡಿ ‘ಸೇವಾ ಪ್ರದೇಶ’ ಮಾತ್ರ ತೋರಿಸಬಹುದು.
• ವಿಮರ್ಶೆಗಳಿಗೆ ಉತ್ತರಿಸಿ. ದುಡ್ಡು, ರಿಯಾಯಿತಿ, ಉಡುಗೊರೆ ಕೊಟ್ಟು ವಿಮರ್ಶೆ ಬರೆಸುವುದನ್ನು ಗೂಗಲ್ ನಿಷೇಧಿಸಿದೆ.
• ಜಾತ್ರೆ, ಹಬ್ಬದ ದಿನಗಳ ವೇಳೆಯನ್ನು ಮುಂಚಿತವಾಗಿ ತಿದ್ದಬೇಕು. ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಬಂದವರು ನಕ್ಷೆಯಲ್ಲಿ ‘ತೆರೆದಿದೆ’ ಎಂದು ನೋಡಿ ಬಂದು ಬೀಗ ಕಂಡರೆ, ಮುಂದಿನ ಸಲ ಆ ಅಂಗಡಿಯನ್ನು ನಂಬುವುದಿಲ್ಲ.

10. ಪಾವತಿ ಜಾಹೀರಾತು ಮತ್ತು ಲೆಕ್ಕ

• ಗೂಗಲ್ ಆಡ್‌ವರ್ಡ್ಸ್ ಆರಂಭ 2000. 2018ರಲ್ಲಿ ಗೂಗಲ್ ಆಡ್ಸ್ ಎಂದು ಹೆಸರು ಬದಲು. ಜಾಹೀರಾತಿನ ಸ್ಥಾನ ಹರಾಜಿನಿಂದ ತೀರ್ಮಾನವಾಗುತ್ತದೆ. ಹೆಚ್ಚು ಹಣ ಕೂಗಿದವರೇ ಗೆಲ್ಲಬೇಕೆಂದಿಲ್ಲ. ಜಾಹೀರಾತಿನ ಗುಣಮಟ್ಟವೂ ಲೆಕ್ಕಕ್ಕೆ ಬರುತ್ತದೆ.
• ಕ್ವಾಲಿಟಿ ಸ್ಕೋರ್: 1ರಿಂದ 10. ಮೂರು ಭಾಗ: ನಿರೀಕ್ಷಿತ ಕ್ಲಿಕ್ ದರ, ಜಾಹೀರಾತಿನ ಹೊಂದಾಣಿಕೆ, ಲ್ಯಾಂಡಿಂಗ್ ಪುಟದ ಅನುಭವ.
• ಕೀವರ್ಡ್ ಹೊಂದಾಣಿಕೆ ಮೂರು ಬಗೆ: ಬ್ರಾಡ್, ಫ್ರೇಸ್, ಎಕ್ಸಾಕ್ಟ್.
• ನೆಗೆಟಿವ್ ಕೀವರ್ಡ್: ಜಾಹೀರಾತು ಕಾಣಬಾರದ ಪದ. ನಮ್ಮ ಶಹಾಪುರದ ವ್ಯಾಪಾರಿ ‘ಬೆಳಗಾವಿ’, ‘ಠಾಣೆ’ ಪದಗಳನ್ನು ಇಲ್ಲಿ ಸೇರಿಸಿದರೆ ಬೇರೆ ಶಹಾಪುರಗಳ ಕ್ಲಿಕ್‌ಗೆ ಹಣ ಪೋಲಾಗುವುದು ತಪ್ಪುತ್ತದೆ.
• ಸೂತ್ರಗಳು:
ಸಿಟಿಆರ್ = ಕ್ಲಿಕ್ ÷ ಪ್ರದರ್ಶನ × 100
ಸಿಪಿಸಿ = ವೆಚ್ಚ ÷ ಕ್ಲಿಕ್
ಸಿಪಿಎಂ = ವೆಚ್ಚ ÷ ಪ್ರದರ್ಶನ × 1,000
ಕನ್ವರ್ಷನ್ ದರ = ಆರ್ಡರ್ ÷ ಕ್ಲಿಕ್ × 100
ಸಿಪಿಎ = ವೆಚ್ಚ ÷ ಆರ್ಡರ್
ಆರ್‌ಒಎಎಸ್ = ಜಾಹೀರಾತಿನಿಂದ ಬಂದ ಮಾರಾಟ ÷ ವೆಚ್ಚ
• ಮಾದರಿ ಲೆಕ್ಕ (ಅಂಕಿಗಳು ಅಭ್ಯಾಸಕ್ಕಾಗಿ): ಸುರಪುರದ ಒಂದು ಬೀಜದ ಅಂಗಡಿ ಮುಂಗಾರಿನಲ್ಲಿ ₹3,000 ಖರ್ಚು ಮಾಡಿತು. ಪ್ರದರ್ಶನ 60,000, ಕ್ಲಿಕ್ 1,200, ಆರ್ಡರ್ 48, ಮಾರಾಟ ₹24,000.
ಉತ್ತರ: ಸಿಟಿಆರ್ ಶೇ 2, ಸಿಪಿಸಿ ₹2.50, ಸಿಪಿಎಂ ₹50, ಕನ್ವರ್ಷನ್ ಶೇ 4, ಸಿಪಿಎ ₹62.50, ಆರ್‌ಒಎಎಸ್ 8.
• ಇಲ್ಲಿಗೇ ನಿಲ್ಲಬೇಡಿ. ಆರ್‌ಒಎಎಸ್ 8 ಎಂದರೆ ಲಾಭ ಎಂದಲ್ಲ. ಆ ಬೀಜದಲ್ಲಿ ಅಂಗಡಿಗೆ ಉಳಿಯುವುದು ಶೇ 10 ಆದರೆ ₹24,000ಕ್ಕೆ ಉಳಿತಾಯ ₹2,400. ಜಾಹೀರಾತಿಗೆ ಹೋದದ್ದು ₹3,000. ಅಂದರೆ ₹600 ನಷ್ಟ. ಏಜೆನ್ಸಿಯ ವರದಿಯಲ್ಲಿ ಎಲ್ಲ ಅಂಕಿಯೂ ಚೆನ್ನಾಗಿ ಕಂಡು ಗಲ್ಲಾದಲ್ಲಿ ದುಡ್ಡು ಕಡಿಮೆಯಾಗುವುದು ಹೀಗೆ.

11. ಉಳಿದ ಮಾಧ್ಯಮಗಳು

• ವಾಟ್ಸಾಪ್ ಬಿಸಿನೆಸ್ ಆ್ಯಪ್: 2018ರಲ್ಲಿ ಬಂದಿತು. ಕ್ಯಾಟಲಾಗ್, ತ್ವರಿತ ಉತ್ತರ, ಲೇಬಲ್ ಸೌಲಭ್ಯಗಳಿವೆ.
• ಎಸ್‌ಎಂಎಸ್: ಇಂಗ್ಲಿಷ್‌ನಲ್ಲಿ ಒಂದು ಸಂದೇಶಕ್ಕೆ 160 ಚಿಹ್ನೆ, ಕನ್ನಡದಂಥ ಯುನಿಕೋಡ್ ಬರಹಕ್ಕೆ 70. ಟ್ರಾಯ್‌ನ 2018ರ ನಿಯಮಾವಳಿಯಂತೆ ವಾಣಿಜ್ಯ ಸಂದೇಶ ಕಳಿಸುವವರು ಮತ್ತು ಸಂದೇಶದ ನಮೂನೆ ಎರಡೂ ನೋಂದಣಿಯಾಗಿರಬೇಕು.
• ಒಎನ್‌ಡಿಸಿ: 2021ರ ಡಿಸೆಂಬರ್‌ನಲ್ಲಿ ಸ್ಥಾಪನೆಯಾದ ಮುಕ್ತ ಇ-ವಾಣಿಜ್ಯ ಜಾಲ. ಜೆಮ್: 2016ರಲ್ಲಿ ಆರಂಭವಾದ ಸರ್ಕಾರಿ ಖರೀದಿ ತಾಣ. ಇ-ನಾಮ್: 2016ರ ಏಪ್ರಿಲ್ 14ರಂದು ಆರಂಭವಾದ ಕೃಷಿ ಮಾರುಕಟ್ಟೆ ಜಾಲ. ಯುಪಿಐ: 2016ರಲ್ಲಿ ಎನ್‌ಪಿಸಿಐ ಆರಂಭಿಸಿದ ಪಾವತಿ ವ್ಯವಸ್ಥೆ.
• ಅಳೆಯುವ ಸಾಧನ: ಸರ್ಚ್ ಕನ್ಸೋಲ್ ತೋರಿಸುವುದು ಜನ ಪುಟಕ್ಕೆ ಬರುವ ಮುಂಚಿನ ಕಥೆ, ಗೂಗಲ್ ಅನಲಿಟಿಕ್ಸ್ ತೋರಿಸುವುದು ಬಂದ ನಂತರದ್ದು. ಈಗಿನ ಆವೃತ್ತಿ ಜಿಎ4. ಹಿಂದಿನ ಯುನಿವರ್ಸಲ್ ಅನಲಿಟಿಕ್ಸ್ 2023ರ ಜುಲೈ 1ರಂದು ನಿಂತಿತು.

12. ಕಾನೂನು

• ಮಾಹಿತಿ ತಂತ್ರಜ್ಞಾನ ಕಾಯ್ದೆ 2000. ಗ್ರಾಹಕ ಸಂರಕ್ಷಣಾ ಕಾಯ್ದೆ 2019. ಇ-ವಾಣಿಜ್ಯ ನಿಯಮಗಳು 2020.
• ಇ-ವಾಣಿಜ್ಯ ನಿಯಮದಂತೆ ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ. ಗ್ರಾಹಕನ ವೇಷದಲ್ಲಿ ತಾನೇ ವಿಮರ್ಶೆ ಬರೆಯುವುದು ನಿಷಿದ್ಧ.
• ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ₹10 ಲಕ್ಷದ ವರೆಗೆ, ಮರುಕಳಿಸಿದರೆ ₹50 ಲಕ್ಷದ ವರೆಗೆ ದಂಡ ಹಾಕಬಹುದು.
• ಆನ್‌ಲೈನ್ ವಿಮರ್ಶೆಗಳ ಭಾರತೀಯ ಮಾನಕ: ಐಎಸ್ 19000:2022. ಡಾರ್ಕ್ ಪ್ಯಾಟರ್ನ್ (ಗ್ರಾಹಕನ ದಾರಿ ತಪ್ಪಿಸುವ ಪುಟ ವಿನ್ಯಾಸ) ತಡೆ ಮಾರ್ಗಸೂಚಿ: 2023ರ ನವೆಂಬರ್ 30.
• ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023: ಗರಿಷ್ಠ ದಂಡ ₹250 ಕೋಟಿ. ಬಿಲ್ಲಿಗೆಂದು ಪಡೆದ ಫೋನ್ ನಂಬರನ್ನು ಒಪ್ಪಿಗೆಯಿಲ್ಲದೆ ಪ್ರಚಾರಕ್ಕೆ ಬಳಸಬಾರದು.
• ಭಾರತೀಯ ಸ್ಪರ್ಧಾ ಆಯೋಗ 2018ರಲ್ಲಿ ಹುಡುಕಾಟದ ಪಕ್ಷಪಾತಕ್ಕಾಗಿ ಗೂಗಲ್‌ಗೆ ₹135.86 ಕೋಟಿ ದಂಡ ವಿಧಿಸಿತು.
• ಈಕ್ವಲೈಸೇಶನ್ ಲೆವಿ: ವಿದೇಶಿ ಕಂಪನಿಗೆ ಕೊಡುವ ಆನ್‌ಲೈನ್ ಜಾಹೀರಾತು ಹಣದ ಮೇಲೆ ಶೇ 6. 2016ರಲ್ಲಿ ಜಾರಿ, 2025ರ ಏಪ್ರಿಲ್ 1ರಿಂದ ರದ್ದು.
• ಸಹಾಯವಾಣಿ: ಗ್ರಾಹಕ ದೂರು 1915, ಸೈಬರ್ ವಂಚನೆ 1930.

13. ಗೊಂದಲ ಬೇಡ

• ಕ್ರಾಲಿಂಗ್ ಓದುವುದು. ಇಂಡೆಕ್ಸಿಂಗ್ ಸೂಚಿಗೆ ಸೇರಿಸುವುದು.
• ಇಂಪ್ರೆಷನ್ (ಪ್ರದರ್ಶನ) ಕಂಡದ್ದು, ಕ್ಲಿಕ್ ಒತ್ತಿದ್ದು, ಕನ್ವರ್ಷನ್ ಕೊಂಡದ್ದು ಅಥವಾ ಕರೆ ಮಾಡಿದ್ದು.
• ಡೊಮೇನ್ ತಾಣದ ಹೆಸರು. ಹೋಸ್ಟಿಂಗ್ ತಾಣ ಇರುವ ಜಾಗ. ಎರಡಕ್ಕೂ ಬೇರೆ ಬೇರೆ ನವೀಕರಣ. ಎರಡೂ ಅಂಗಡಿಯ ಮಾಲೀಕರ ಹೆಸರಿನಲ್ಲೇ ಇರಬೇಕು, ವೆಬ್‌ಸೈಟ್ ಮಾಡಿಕೊಟ್ಟವರ ಹೆಸರಿನಲ್ಲಲ್ಲ.

14. ಒಂದು ಅಂಕದ ಪ್ರಶ್ನೆಗಳು

• ಸ್ಥಳೀಯ ರ‍್ಯಾಂಕಿಂಗ್‌ನ ಮೂರು ಅಂಶ ಯಾವುವು? – ಹೊಂದಾಣಿಕೆ, ದೂರ, ಹೆಸರುವಾಸಿ.
• ಕೃತಕ ಕೊಂಡಿಗಳ ವಿರುದ್ಧದ ಮಾರ್ಪಾಡು? – ಪೆಂಗ್ವಿನ್, 2012.
• ಮೊದಲ ಇಂಟರ್ನೆಟ್ ಶೋಧ ಸಾಧನ? – ಆರ್ಚಿ, 1990.
• ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತದ್ದು? – 1995ರ ಆಗಸ್ಟ್ 15, ವಿಎಸ್‌ಎನ್‌ಎಲ್ ಮೂಲಕ.
• ಐಎನ್‌ಪಿಯ ಒಳ್ಳೆಯ ಮಿತಿ? – 200 ಮಿಲಿಸೆಕೆಂಡ್.
• ‘ಮೆಟಾ ಕೀವರ್ಡ್ಸ್‌ನಿಂದ ಗೂಗಲ್ ರ‍್ಯಾಂಕ್ ಏರುತ್ತದೆ’: ಸರಿಯೋ ತಪ್ಪೋ? – ತಪ್ಪು.

15. ಐದು ಅಂಕದ ಉತ್ತರಕ್ಕೆ ಚೌಕಟ್ಟು

ಪ್ರಶ್ನೆ: ಸಣ್ಣ ಪಟ್ಟಣದ ವ್ಯಾಪಾರಕ್ಕೆ ಎಸ್‌ಇಒ ಹೇಗೆ ನೆರವಾಗುತ್ತದೆ?
• ವ್ಯಾಖ್ಯೆ ಒಂದು ವಾಕ್ಯದಲ್ಲಿ.
• ಲೋಕಲ್ ಪ್ರೊಫೈಲ್ ಮತ್ತು ನ್ಯಾಪ್.
• ಯುನಿಕೋಡ್ ಕನ್ನಡ, ಊರ ಹೆಸರಿನ ರೂಪಗಳು, ಪಿನ್‌ಕೋಡ್.
• ಹಗುರ ಮೊಬೈಲ್ ಪುಟ, ಕರೆ ಗುಂಡಿ.
• ಮಿತಿ: ಫಲ ಕಾಣಲು ತಿಂಗಳುಗಳು ಬೇಕು, ಖಾತ್ರಿ ಯಾರೂ ಕೊಡಲಾರರು. ಮಿತಿಯನ್ನು ಬರೆದವರ ಉತ್ತರ ಪೂರ್ಣ ಎನಿಸುತ್ತದೆ.

ಓದುಗರಿಗೆ ಒಂದು ಮಾತು

ಈ ಪಟ್ಟಿಯ ಹೆಚ್ಚಿನ ಕೆಲಸಕ್ಕೆ ದುಡ್ಡು ಬೇಡ. ನಿಜವಾದ ವಿವರ, ಸರಿಯಾದ ಕನ್ನಡ, ಸ್ವಲ್ಪ ತಾಳ್ಮೆ ಬೇಕು. ‘ಒಂದೇ ವಾರದಲ್ಲಿ ಗೂಗಲ್‌ನಲ್ಲಿ ಮೊದಲ ಸ್ಥಾನ’ ಎಂದು ಫೋನ್ ಮಾಡುವವರಿಗೆ ಸಣ್ಣ ವ್ಯಾಪಾರಿ ಮುಂಗಡ ಕೊಟ್ಟು ಕಳೆದುಕೊಳ್ಳುವುದು ಈ ಪಾಠ ಗೊತ್ತಿಲ್ಲದೆ. ಪರೀಕ್ಷೆ ಮುಗಿದ ಮೇಲೆ ನಿಮ್ಮ ಓಣಿಯ ಒಂದು ಅಂಗಡಿಗೆ ಹೋಗಿ, ಮಾಲೀಕರನ್ನು ಕೇಳಿ, ಅವರ ಫೋನಿನಲ್ಲೇ ಹೆಸರು, ವಿಳಾಸ, ವೇಳೆ ಸರಿಯಾಗಿ ದಾಖಲಿಸಿ ಕೊಡಿ. ಪಾಸ್‌ವರ್ಡ್ ಅವರ ಕೈಯಲ್ಲೇ ಇರಲಿ.